ನೀಲಿ ಕಾರಿನ ಚಳಿಗಾಲದ ಬಿಡಾರ

ನವೆಂಬರಿನಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಲಾರಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಜನರ ಪ್ರಾಣ ಉಳಿಸುವ ಲಾರಿ ಎಂಬುದು ಗೊತ್ತು. ಐಸಿನ ಮೇಲೆ ಗಾಡಿಗಳು ಜಾರದಿರಲಿ ಎಂದೇ ಮಿಶಿಗನ್ನಿನವರು ಊರಿಗೆ ಊರೇ ಉಪ್ಪು ಸುರಿಯುತ್ತಾರೆ. ಆದರೆ ಆ ಉಪ್ಪು ಕಾರಿನ ಅಡಿಭಾಗಕ್ಕೆ ಮೆತ್ತಿಕೊಂಡು, ಕೆಲವೇ ವರ್ಷಗಳಲ್ಲಿ ಕಬ್ಬಿಣವನ್ನು ಹಪ್ಪಳದಂತೆ ಪುಡಿಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ನೋಡುವುದೇ ನನ್ನ ಕೆಲಸ. ಸೌತ್‌ಫೀಲ್ಡಿನ ಒಂದು ಆಫೀಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬ್ರೇಕುಗಳ ಪರೀಕ್ಷೆ ಮಾಡುತ್ತಿದ್ದೇನೆ. ಕಳಪೆ ಮಾಲು ತಂದು ಮೇಜಿನ ಮೇಲಿಟ್ಟವರಿಗೆ, ಮುಖಕ್ಕೆ ಹೊಡೆದ ಹಾಗೆ ‘ಇದು ನಡೆಯೋದಿಲ್ಲ’ ಎಂದು ಹೇಳಿ ಕಳಿಸುವವಳೆಂದು ಅಲ್ಲಿ ಹೆಸರು ಮಾಡಿದ್ದೇನೆ.

ಇಂಥ ನನಗೆ ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ನೀಲಿ ಕಾರಿನ ಮೇಲೆ ಮನಸ್ಸಾಯಿತು. ಎರಡೇ ಬಾಗಿಲು, ಎಂಟು ಸಿಲಿಂಡರು, ಕೈಯಿಂದಲೇ ಹಾಕಬೇಕಾದ ಆರು ಗೇರು. ಮಗಳು ಕಾಲೇಜಿಗೆ ಹೋದ ವರ್ಷ ಶಿಕಾಗೋ ಕಡೆಯ ಒಬ್ಬರಿಂದ ಕೊಂಡು, ಹೈವೇಯಲ್ಲಿ ನಾನೇ ಓಡಿಸಿಕೊಂಡು ನಮ್ಮೂರು ನೋವೈಗೆ ತಂದೆ. ನನ್ನ ಹಿಂದೆಯೇ ನಮ್ಮ ಮನೆಯ ಹಳೆಯ ಕಾರಿನಲ್ಲಿ ಗಂಡ ಬರುತ್ತಿದ್ದರು. ಅವರು ಹುಬ್ಬಳ್ಳಿಯವರು. ಮನೆ ತಲುಪಿ ಇಳಿದವರೇ, "ಈ ವಯಸ್ಸಿನಾಗ ಮಂದಿ ಕಾಶಿಗೆ ಹೋಗ್ತಾರ. ನೀ ನಾಲ್ಕು ಸೆಕೆಂಡಿನಾಗ ಅರವತ್ತು ಮೈಲಿ ಸ್ಪೀಡಿಗೆ ಹೊಂಟೀದಿ" ಎಂದರು. ಆ ಮಾತಿಗೂ ನಾನು ನಕ್ಕುಬಿಟ್ಟೆ. ಅಷ್ಟು ಖುಷಿಯಾಗಿದ್ದೆ.

ಬೇಸಿಗೆಯೆಲ್ಲ ಆ ಕಾರಿನಲ್ಲಿ ಮೆರೆದೆ. ಶನಿವಾರ ಬೆಳಗ್ಗೆ ಎದ್ದು, ಎಲ್ಲಿಗೆ ಎಂದು ಯಾರಿಗೂ ಹೇಳದೆ, ಕೆರೆಗಳ ದಂಡೆಯ ರಸ್ತೆಗಳಲ್ಲಿ ಒಬ್ಬಳೇ ಸುತ್ತಿ ಬರುತ್ತಿದ್ದೆ. ಮದುವೆಯಾದ ಮೇಲೆ ನನ್ನದೇ ಅಂತ ಸಿಕ್ಕಿದ ಹೊತ್ತು ಅದೊಂದೇ ಎಂದರೂ ತಪ್ಪಾಗಲಾರದು. ಅಕ್ಟೋಬರ್ ಕಳೆಯುತ್ತಿದ್ದಂತೆ ದಿನಾ ಹವಾಮಾನದ ವರದಿ ನೋಡತೊಡಗಿದೆ. ಈ ಕಾರಿಗೆ ಉಪ್ಪು ಸೋಕಬಾರದು. ಅದರ ಟೈರುಗಳೂ ಬೇಸಿಗೆಯವು, ಚಳಿಗೆ ಕಲ್ಲಾಗಿ ಜಾರುತ್ತವೆ. ಐದು ತಿಂಗಳು ಅದನ್ನು ಎಲ್ಲಾದರೂ ಬೆಚ್ಚಗೆ ಮಲಗಿಸಬೇಕು. ನಮ್ಮ ಗ್ಯಾರೇಜಿನಲ್ಲಿ ಎರಡು ಕಾರು ಹಿಡಿಸುತ್ತವೆ. ಒಂದು ಗಂಡನದು, ಇನ್ನೊಂದು ನಾನು ದಿನಾ ಆಫೀಸಿಗೆ ಒಯ್ಯುವ ಬೂದು ಬಣ್ಣದ್ದು. ಮೂರನೆಯದಕ್ಕೆ ಜಾಗವಿಲ್ಲ. ಮನೆ ಮುಂದೆ ಕಾರಿಗೆ ಹೊದಿಕೆ ಹೊದಿಸಿ ನಿಲ್ಲಿಸಿದರೆ ನಮ್ಮ ಬಡಾವಣೆಯ ಸಂಘದವರು ಮೂರೇ ದಿನದಲ್ಲಿ ‘ತೆಗೆಯಿರಿ’ ಎಂದು ಕಾಗದ ಕಳಿಸುತ್ತಾರೆ.

ಹೀಗೆ ಒಂದು ಶನಿವಾರ ಬಾಲಾಜಿ ದೇವಸ್ಥಾನದಲ್ಲಿ ಪುಳಿಯೋಗರೆಯ ಸಾಲಿನಲ್ಲಿ ನಿಂತು, ಗಂಡನ ಮುಂದೆ ಗೋಳು ಹೇಳಿಕೊಳ್ಳುತ್ತಿದ್ದೆ. "ಎಲ್ಲಾದ್ರೂ ಒಂದು ಖಾಲಿ ಗ್ಯಾರೇಜ್ ಸಿಕ್ಕಿದ್ರೆ ಸಾಕಾಗಿತ್ತುರೀ. ಇಷ್ಟು ಜನ ಕನ್ನಡದವರಿದ್ದಾರೆ ಈ ಊರಲ್ಲಿ, ಒಬ್ಬರ ಮನೇಲೂ ಜಾಗ ಇಲ್ವಾ?"

ನಮ್ಮ ಮುಂದೆ ನಿಂತಿದ್ದ ಅಂಕಲ್ ತಿರುಗಿದರು. ಅವರೂ ಅವರ ಹೆಂಡತಿಯೂ ಮೈಸೂರಿನವರು, ಈ ದೇಶಕ್ಕೆ ಬಂದು ನಲವತ್ತು ವರ್ಷ ದಾಟಿದೆ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅಂಕಲ್ ಆಪರೇಷನ್ನಿಗೆ ಅರಿವಳಿಕೆ ಕೊಡುವ ಡಾಕ್ಟರಾಗಿದ್ದರು. ವೃತ್ತಿಯುದ್ದಕ್ಕೂ ಜನರನ್ನು ಮಲಗಿಸಿ ಬೇಸತ್ತು, ನಿವೃತ್ತಿಯ ನಂತರ ಯಾರನ್ನೂ ಮಲಗಗೊಡದಷ್ಟು ಮಾತಾಡುತ್ತಾರೆ. ಆಂಟಿಗೆ ಅರವತ್ತೆಂಟು. ಹಿಂದಿನ ವರ್ಷವಷ್ಟೇ ಈಜು ಕಲಿತವರು. ತಮ್ಮ ಪುಟ್ಟ ಬಿಳಿ ಕಾರಿನಲ್ಲಿ ವಾರಕ್ಕೆ ನಾಲ್ಕು ದಿನ ತಾವೇ ಈಜುಕೊಳಕ್ಕೆ ಹೋಗಿಬರುತ್ತಾರೆಂದು ಊರಿಗೆಲ್ಲ ಗೊತ್ತು. ಏಕೆಂದರೆ ಅವರೇ ಎಲ್ಲರಿಗೂ ಹೇಳಿದ್ದಾರೆ.

"ನಮ್ಮ ಮನೇಲಿ ಮೂರು ಕಾರಿನ ಗ್ಯಾರೇಜಿದೆ ಕಣಮ್ಮ. ತಂದು ನಿಲ್ಸು" ಎಂದರು ಅಂಕಲ್.

"ಅಯ್ಯೋ ಬೇಡಿ ಅಂಕಲ್, ನಿಮಗ್ಯಾಕೆ ತೊಂದ್ರೆ? ತಗೊಳ್ಳೋದಾದ್ರೆ ಬಾಡಿಗೆನಾದ್ರೂ ತಗೋಬೇಕು."

"ಬಿಡ್ತು ಅನ್ನು! ಮನೆ ಹುಡುಗಿ ಹತ್ರ ಬಾಡಿಗೆ ತಗೋತೀವಾ?"

ಆಂಟಿ ಒಂದು ಕ್ಷಣ ಅಂಕಲ್ ಕಡೆ ನೋಡಿ, ಆಮೇಲೆ ನನ್ನ ಕಡೆ ನಕ್ಕು, "ಹೂಂ ಕಣಮ್ಮ, ತಂದ್ಬಿಡು" ಎಂದರು. ಆ ಒಂದು ಕ್ಷಣವನ್ನು ನಾನು ಗಮನಿಸಬೇಕಿತ್ತು. ಕೂದಲೆಳೆಯಷ್ಟು ಬಿರುಕನ್ನು ಹತ್ತಡಿ ದೂರದಿಂದ ಕಂಡುಹಿಡಿಯುವವಳು ನಾನು. ಅವತ್ತು ಮಾತ್ರ ನನ್ನ ಕಣ್ಣು ಪುಳಿಯೋಗರೆಯ ಮೇಲಿತ್ತು.

ಮುಂದಿನ ವಾರವೇ ಕಾರನ್ನು ಒಯ್ದೆ. ಎಡಗಡೆ ಅಂಕಲ್‌ರ ದೊಡ್ಡ ಕಾರು. ನಡುವಿನ ಜಾಗದಲ್ಲಿ ಸೂಟ್‌ಕೇಸುಗಳು, ಅಕ್ಕಿ ಮೂಟೆಗಳು, ಎರಡನೆಯ ಫ್ರಿಜ್ಜು, ಕನ್ನಡ ಕೂಟದ ನಾಟಕದ ಸಿಂಹಾಸನ. ಬಲಗಡೆ ಖಾಲಿ. ಆಂಟಿಯ ಬಿಳಿ ಕಾರು ಹೊರಗೆ ನಿಂತಿತ್ತು. ಎಲ್ಲೋ ಹೊರಟಿದ್ದಾರೆ ಎಂದುಕೊಂಡೆ.

ಕಾರನ್ನು ಚಳಿಗಾಲಕ್ಕೆ ನಿಲ್ಲಿಸುವುದು ಬಾಣಂತನದಷ್ಟೇ ಶಾಸ್ತ್ರದ ಕೆಲಸ. ಮೀಯಿಸಬೇಕು, ಒರೆಸಬೇಕು. ಟ್ಯಾಂಕು ತುಂಬ ಪೆಟ್ರೋಲು ಹಾಕಿ, ಅದು ಕೆಡದಂತೆ ಒಂದು ಔಷಧಿ ಬೆರೆಸಬೇಕು. ಟೈರಿಗೆ ಸ್ವಲ್ಪ ಹೆಚ್ಚಿಗೆ ಗಾಳಿ ಹೊಡೆಯಬೇಕು. ಇಲಿ ಒಳಗೆ ಸೇರದಂತೆ ಹೊಗೆ ಕೊಳವೆಗೆ ಉಕ್ಕಿನ ನಾರು ತುರುಕಬೇಕು. ಕೊನೆಗೆ ಬ್ಯಾಟರಿಗೆ ಒಂದು ಪುಟ್ಟ ಚಾರ್ಜರ್ ಸಿಕ್ಕಿಸಿ, ಅದರ ಹಸಿರು ದೀಪ ಹತ್ತಿದ್ದನ್ನು ನೋಡಿ, ಹೊದಿಕೆ ಹೊದಿಸಬೇಕು. ಅಂಕಲ್ ಕುರ್ಚಿ ಹಾಕಿಕೊಂಡು ಕೂತು ಎಲ್ಲವನ್ನೂ ನೋಡಿದರು. "ನಮ್ಮ ಕೆಲಸಾನೂ ಇಷ್ಟೇ ಕಣಮ್ಮ. ಮಲಗಿಸೋದು ಸುಲಭ, ಎಬ್ಬಿಸೋವಾಗಲೇ ಕೈ ನಡುಗೋದು" ಎಂದು ಧೈರ್ಯ ತುಂಬಿದರು.

ಆಂಟಿ ಹೊದಿಕೆ ಎತ್ತಿ ಕಾರಿನ ಮೂಗಿಗೆ ಒಂದು ಬೊಟ್ಟು ಕುಂಕುಮ ಇಟ್ಟರು. "ಓಡಿಸೋಕೆ ಅಂತ ಕಾರು ತಗೊಂಡು ಐದು ತಿಂಗಳು ಮಲಗಿಸ್ತೀಯಲ್ಲ, ನಿನಗೆ ಬೇಜಾರಾಗಲ್ವಾ?" ಎಂದು ಕೇಳಿದರು.

"ತುಂಬಾ ಆಗುತ್ತೆ ಆಂಟಿ. ಆದ್ರೆ ಆಫೀಸಿಗೆ ಬೇರೆ ಕಾರಿದೆಯಲ್ಲ" ಎಂದೆ. ಆಂಟಿ ಹೊದಿಕೆಯನ್ನು ಮತ್ತೆ ಎಳೆದು ಮುಚ್ಚಿದರು.

ಎರಡು ವಾರಕ್ಕೊಮ್ಮೆ ಹೋಗಿ ಚಾರ್ಜರಿನ ದೀಪ ಮತ್ತು ಇಲಿಯ ಬೋನು ನೋಡಿ ಬರಬೇಕು. ನಾಲ್ಕು ನಿಮಿಷದ ಕೆಲಸ. ಮೊದಲ ಸಲ ಹೋದವಳು ವಾಪಸ್ಸು ಬಂದದ್ದು ಮೂರೂವರೆ ಗಂಟೆಯ ಮೇಲೆ. ಮನೆ ಬಾಗಿಲಿಗೆ ಬಂದವಳು ಒಳಗೆ ಬಾರದೆ ಹೋಗುವುದುಂಟೇ? ಒಳಗೆ ಬಂದವಳು ಕಾಫಿ ಕುಡಿಯದೆ ಏಳುವುದುಂಟೇ? ಕಾಫಿಯಾಗುವಷ್ಟರಲ್ಲಿ ಊಟದ ಹೊತ್ತಾಯಿತು. ಊಟವಾದ ಮೇಲೆ ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ. ಕಾರು ನೋಡಲು ಹೋದವಳು ಮಡಿಲು ತುಂಬಿಸಿಕೊಂಡು ಮನೆಗೆ ಬಂದೆ.

ಎರಡನೆಯ ಸಲ ಬರಿಗೈಲಿ ಹೋಗುವುದು ಹೇಗೆಂದು ಒಂದು ಡಬ್ಬಿ ಮೈಸೂರುಪಾಕು ಒಯ್ದೆ. ಆ ಡಬ್ಬಿಯನ್ನು ಖಾಲಿ ವಾಪಸ್ಸು ಕೊಡುವುದು ಹೇಗೆಂದು ಅವರು ಕೋಡುಬಳೆ ತುಂಬಿ ಕಳಿಸಿದರು. ನಾನು ಕಿತ್ತಳೆ ಒಯ್ದರೆ ಅವರು ಆವಕಾಡೊ ಕೊಟ್ಟರು. ಡಿಸೆಂಬರ್ ಮುಗಿಯುವ ಹೊತ್ತಿಗೆ ಎರಡು ಮನೆಯವರೂ ಒಬ್ಬರಿಗೊಬ್ಬರು ತಿನ್ನಿಸಿ ತಿನ್ನಿಸಿ, ನನ್ನ ಆಫೀಸಿನ ಪ್ಯಾಂಟುಗಳು ಸೊಂಟದ ಹತ್ತಿರ ತಕರಾರು ತೆಗೆದವು. ಒಂದು ಸಲ ಸದ್ದಿಲ್ಲದೆ ಹೋಗಿ ಬಂದುಬಿಡೋಣವೆಂದು, ಕಾರನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿ, ಬೆಕ್ಕಿನ ಹೆಜ್ಜೆಯಿಡುತ್ತ ಅವರ ಗ್ಯಾರೇಜಿನ ಬಾಗಿಲಿಗೆ ನಂಬರು ಒತ್ತುತ್ತಿದ್ದೆ. ಬಾಗಿಲ ಪಕ್ಕದ ಕ್ಯಾಮೆರಾದಿಂದ ಅಂಕಲ್‌ರ ಧ್ವನಿ ಅಶರೀರವಾಣಿಯಾಯಿತು: "ಯಾಕಮ್ಮ ಅಷ್ಟು ದೂರ ನಿಲ್ಸಿದೀಯಾ? ಒಳಗೆ ಬಾ, ಬಿಸಿಬೇಳೆ ಬಾತ್ ಆಗಿದೆ." ಅವರು ಆಗ ಅಂಗಡಿಯಲ್ಲಿದ್ದರಂತೆ. ಅಲ್ಲಿಂದಲೇ ಫೋನಿನಲ್ಲಿ ನನ್ನನ್ನು ಹಿಡಿದಿದ್ದರು.

ಇದೆಲ್ಲವನ್ನೂ ಸಹಿಸಬಹುದಿತ್ತು. ಆದರೆ ಕಾರಿನ ಮೇಲೆ ಸಾಮಾನುಗಳು ಹತ್ತತೊಡಗಿದವು. ಮೊದಲು ಒಂದು ಬೆಡ್‌ಶೀಟು. ಮುಂದಿನ ಸಲ ಎರಡು ಸೂಟ್‌ಕೇಸು. ಸಂಕ್ರಾಂತಿಯ ಹೊತ್ತಿಗೆ ಕನ್ನಡ ಕೂಟದ ಸಿಂಹಾಸನ ನನ್ನ ಕಾರಿನ ಎಂಜಿನ್ನಿನ ಮುಚ್ಚಳದ ಮೇಲೆ ವಿರಾಜಮಾನವಾಗಿತ್ತು. ಅದರ ಕಾಲು ಬಣ್ಣಕ್ಕೆ ಒತ್ತುತ್ತಿದ್ದುದು ಹೊದಿಕೆಯ ಮೇಲಿಂದಲೇ ಗೊತ್ತಾಗುತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು, "ಎಷ್ಟು ಚೆನ್ನಾಗಿದೆ ಆಂಟಿ ಸಿಂಹಾಸನ!"

ಇನ್ನೊಂದು ಸಲ ಹೋದಾಗ ಹಸಿರು ದೀಪ ಆರಿತ್ತು. ನನ್ನ ಚಾರ್ಜರನ್ನು ಕಿತ್ತು, ಅದೇ ಜಾಗಕ್ಕೆ ಆಂಟಿ ಗ್ರೈಂಡರ್ ಸಿಕ್ಕಿಸಿದ್ದರು. ನಲವತ್ತು ಜನರ ಇಡ್ಲಿಗೆ ಹಿಟ್ಟು ರುಬ್ಬುತ್ತಿತ್ತು. ಆಫೀಸಿನಲ್ಲಾಗಿದ್ದರೆ ಆ ಗ್ರೈಂಡರ್ ತಂದವನ ಗ್ರಹಚಾರ ಬಿಡಿಸುತ್ತಿದ್ದೆ. ಇಲ್ಲಿ ದಾಕ್ಷಿಣ್ಯ. ಪುಕ್ಕಟೆ ಜಾಗ ಕೊಟ್ಟವರಿಗೆ ಪ್ಲಗ್ಗಿನ ಪಾಠ ಹೇಳುವುದೇ? ಮನೆಗೆ ಬಂದು ಯೋಚಿಸಿ ಯೋಚಿಸಿ, ಮುಂದಿನ ಸಲ ಬಣ್ಣದ ಕಾಗದ ಸುತ್ತಿದ ಒಂದು ಎಕ್ಸ್‌ಟೆನ್ಷನ್ ಬೋರ್ಡನ್ನೂ, ಸಿಂಹಾಸನ ಇಳಿಸಿಡಲು ಮಡಚುವ ಮೇಜನ್ನೂ ‘ಉಡುಗೊರೆ’ ಎಂದು ಒಯ್ದೆ. ಆಂಟಿಗೆ ಬಹಳ ಸಂತೋಷವಾಯಿತು. ಮೇಜನ್ನು ಒಳಗೆ ಒಯ್ದು ಅದರ ಮೇಲೆ ಬೊಂಬೆ ಜೋಡಿಸಿದರು. ನನಗೆ ಬೆಳ್ಳಿಯ ಕುಂಕುಮದ ಭರಣಿ ಕೊಟ್ಟರು. ಸಿಂಹಾಸನ ಇದ್ದಲ್ಲೇ ಇತ್ತು.

ಅಂದಿನಿಂದ ನನಗೆ ಒಂದೇ ಚಿಂತೆ. ಈ ಕಾರನ್ನು ಅಲ್ಲಿಂದ ಬಿಡಿಸಿಕೊಂಡು ಬರಬೇಕು, ಅಂಕಲ್ ಆಂಟಿಯ ಮನಸ್ಸು ಮಾತ್ರ ನೋಯಬಾರದು. ಕನ್ನಡಿಯ ಮುಂದೆ ನಿಂತು ಮಾತು ಅಭ್ಯಾಸ ಮಾಡಿದೆ. ಗಂಡ ನಕ್ಕರು. "ಮೈಸೂರಿನವರದು ಇದೇ ಹಣೇಬರಹ ನೋಡು. ನಮ್ಮ ಕಡೆ ಇಂಥಾದ್ದೆಲ್ಲ ಇಲ್ಲ, ಇದ್ದದ್ದು ಇದ್ದಂಗ ಹೇಳಿಬಿಡ್ತೇವಿ. ನಾ ಹೋಗಿ ಹೇಳಿ ಬರ್ತೇನಿ ತಗೋ" ಎಂದು ಎದೆ ಉಬ್ಬಿಸಿ ಹೊರಟರು. ಎರಡು ಗಂಟೆಯ ಮೇಲೆ ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಬಂದರು. "ಹೇಳಿದ್ರಾ?" ಎಂದೆ. "ಅವರು ಭಾಳ ಒಳ್ಳೆ ಮಂದಿ" ಎಂದು ಚಕ್ಕುಲಿ ಮುರಿದರು.

ಫೆಬ್ರವರಿಯಲ್ಲಿ, ಆಫೀಸಿನ ಊಟದ ವೇಳೆಯಲ್ಲಿ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅಂಕಲ್ ಆಂಟಿಯ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಶಿಕಾಗೋ ಹತ್ತಿರದ ಲೊಂಬಾರ್ಡಿನಲ್ಲಿರುತ್ತಾಳೆ. ನನಗಿಂತ ಹತ್ತು ವರ್ಷವಷ್ಟೇ ಚಿಕ್ಕವಳು, ಆದರೂ ‘ಹಾಯ್ ಆಂಟಿ’ ಎಂದು ಶುರುಮಾಡಿದ್ದರಿಂದ ಮೊದಲಿಗೇ ನನಗೆ ಕೋಪ ಬಂತು. ಕನ್ನಡ ಅರ್ಥವಾಗುತ್ತದೆ, ಮಾತು ಇಂಗ್ಲಿಷಿನಲ್ಲೇ. ಹೇಳಬೇಕಾದದ್ದನ್ನು ನೇರವಾಗಿ ಹೇಳಿದಳು. ನಿಮ್ಮ ಕಾರು ನಿಂತಿರುವುದು ಅಮ್ಮನ ಕಾರಿನ ಜಾಗದಲ್ಲಿ. ಅಮ್ಮನ ಕಾರು ನವೆಂಬರಿನಿಂದ ಹಿಮದಲ್ಲಿದೆ. ಬೆಳಗ್ಗೆ ಐಸು ಕೆರೆಯಲು ಅಮ್ಮನಿಗೆ ಭುಜ ಏಳುವುದಿಲ್ಲ, ಅಪ್ಪನಿಗೆ ಬೆನ್ನು ಬಗ್ಗುವುದಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಕೆರೆಯಲು ಹೋಗಿ ಅಮ್ಮ ಜಾರಿ ಬಿದ್ದಳು. ದೇವರ ದಯೆ, ಮೂಳೆ ಮುರಿಯಲಿಲ್ಲ. ಅಂದಿನಿಂದ ಈಜಲು ಹೋಗುವುದನ್ನೇ ಬಿಟ್ಟಿದ್ದಾಳೆ. ಮನೆಯಲ್ಲೇ ಕೂತು ಅಡುಗೆ ಮಾಡುತ್ತಿರುತ್ತಾಳೆ.

ಆ ಅಡುಗೆಯನ್ನೆಲ್ಲ ತಿಂದವಳು ನಾನು.

"ಅವರು ನಿಮಗೆ ಯಾವತ್ತೂ ಹೇಳೋದಿಲ್ಲ, ಅದಕ್ಕೇ ನಾನು ಹೇಳ್ತಿದ್ದೀನಿ" ಎಂದಳು. ನಾನು ತಡವರಿಸುತ್ತ, ನಮ್ಮ ಗ್ಯಾರೇಜಿನಲ್ಲಿ ಜಾಗವಿಲ್ಲವೆಂದೂ, ಅಲ್ಲಿ ನನ್ನ ದಿನಬಳಕೆಯ ಕಾರು ನಿಲ್ಲುತ್ತದೆಂದೂ ಹೇಳಿದೆ.

"ಅದನ್ನ ಹೊರಗೆ ನಿಲ್ಲಿಸೋಕಾಗಲ್ವಾ?" ಎಂದು ಕೇಳಿದಳು. ಕುಹಕವೇನಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು.

ನಿಲ್ಲಿಸಬಹುದಿತ್ತು. ಐದು ತಿಂಗಳು, ದಿನಾ ಬೆಳಗ್ಗೆ ಹತ್ತು ನಿಮಿಷ ನಾನೇ ಐಸು ಕೆರೆದಿದ್ದರೆ ಮುಗಿದಿತ್ತು. ಆ ಯೋಚನೆ ನನ್ನ ತಲೆಗೆ ಬಂದೇ ಇರಲಿಲ್ಲ ಎಂದು ಬರೆಯಲು ಆಸೆಯಾಗುತ್ತದೆ. ಬಂದಿತ್ತು. ಅಕ್ಟೋಬರಿನಲ್ಲೇ ಬಂದಿತ್ತು. ಕೈ ಮರಗಟ್ಟುವುದನ್ನು ನೆನೆದು, ಆ ಯೋಚನೆಯನ್ನು ಪಕ್ಕಕ್ಕಿಟ್ಟು ದೇವಸ್ಥಾನಕ್ಕೆ ಹೊರಟಿದ್ದೆ. ಫೋನಿಟ್ಟ ಮೇಲೆ ಊಟದ ಡಬ್ಬಿಯ ಮುಚ್ಚಳ ತೆಗೆದೆ. ಆಂಟಿ ಕೊಟ್ಟಿದ್ದ ಚಟ್ನಿಪುಡಿಯ ಅನ್ನ. ಮತ್ತೆ ಮುಚ್ಚಿಟ್ಟೆ. 

ಮರುದಿನ ಶನಿವಾರ. ಥರ್ಮಾಮೀಟರ್ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ನೀರು ಕಲ್ಲಾಗುವ ಚಳಿ. ರಸ್ತೆಗಳು ಉಪ್ಪಿನಿಂದ ಬೆಳ್ಳಗಾಗಿದ್ದವು. ಬೇಸಿಗೆಯ ಟೈರಿನಲ್ಲಿ ಆ ಕಾರನ್ನು ಓಡಿಸುವ ಹಾಗಿರಲಿಲ್ಲ, ಹಾಗಾಗಿ ಕಾರು ಹೊತ್ತೊಯ್ಯುವ ಲಾರಿಯನ್ನು ಹತ್ತು ಗಂಟೆಗೆ ಬರಹೇಳಿ, ಬೂದು ಕಾರಿನಲ್ಲಿ ನಾನು ಒಂಬತ್ತೂವರೆಗೇ ಹೋದೆ. ಅವರ ಮನೆಯ ಮುಂದೆ ಆಂಟಿಯ ಬಿಳಿ ಕಾರು ಹಿಮದ ಗುಡ್ಡೆಯಾಗಿ ನಿಂತಿತ್ತು. ಎಷ್ಟು ಸಲ ಅದರ ಪಕ್ಕದಲ್ಲೇ ಮೈಸೂರುಪಾಕಿನ ಡಬ್ಬಿ ಹಿಡಿದು ನಡೆದಿದ್ದೆನೋ. ಅದರ ಹಿಂದೆ ನನ್ನ ಕಾರು ನಿಲ್ಲಿಸಿ, ಒಳಗೆ ಹೋಗದೆ, ಬ್ರಷ್ಷು ಹಿಡಿದು ಹಿಮ ಗುಡಿಸತೊಡಗಿದೆ. ಗಾಜಿನ ಮೇಲಿನ ಐಸು ಬೆರಳಿನಷ್ಟು ದಪ್ಪವಿತ್ತು.

ಅಂಕಲ್ ಆಂಟಿ ಇಬ್ಬರೂ ಓಡಿಬಂದರು. "ಅಯ್ಯಯ್ಯೋ, ನೀನ್ಯಾಕಮ್ಮ ಮಾಡ್ತೀಯಾ? ಬಿಡು ಬಿಡು" ಎಂದರು ಅಂಕಲ್.

"ನನ್ನ ಕಾರು ತಗೊಂಡು ಹೋಗ್ತಿದ್ದೀನಿ ಅಂಕಲ್. ಲಾರಿ ಬರ್ತಿದೆ."

ಅಂಕಲ್‌ರ ಮುಖ ಸಣ್ಣದಾಯಿತು. "ಯಾಕೆ? ನಮ್ಮಿಂದ ಏನಾದ್ರೂ ತಪ್ಪಾಯ್ತಾ? ಸಿಂಹಾಸನ ಇಟ್ಟಿದ್ದಕ್ಕೆ ಬೇಜಾರಾಯ್ತಾ?"

ಇಲ್ಲಿ ಒಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ದಾರಿಯುದ್ದಕ್ಕೂ ಮೂರು ಸುಳ್ಳು ಸಿದ್ಧಮಾಡಿಕೊಂಡೇ ಬಂದಿದ್ದೆ. ಆದರೆ ಆಂಟಿ ಚಪ್ಪಲಿಯಲ್ಲಿ, ಸ್ವೆಟರಿನ ತೋಳನ್ನು ಬೆರಳ ತನಕ ಎಳೆದುಕೊಂಡು, ಆ ಐಸಿನ ಮೇಲೆ ನಿಂತಿದ್ದರು. ಹೇಳಿಬಿಟ್ಟೆ.

"ನನ್ನ ಮನೇಲೇ ಜಾಗ ಇತ್ತು ಆಂಟಿ. ನನ್ನ ಇನ್ನೊಂದು ಕಾರನ್ನ ಹೊರಗೆ ನಿಲ್ಲಿಸಬೇಕಿತ್ತು, ಅಷ್ಟೇ. ಐಸ್ ಕೆರೆಯೋಕೆ ಸೋಮಾರಿತನ ಮಾಡಿದೆ. ನಿಮ್ಮ ಕಾರು ಹೊರಗಿರೋದು ನಾನು ನೋಡಬೇಕಿತ್ತು. ನೋಡಲಿಲ್ಲ. ತಪ್ಪಾಯ್ತು."

 "ನಿಮ್ಮನೇಲಿ ಜಾಗ ಇದೆ ಅಂತ ನಮಗೆ ಗೊತ್ತಿತ್ತು ಕಣಮ್ಮ" ಎಂದರು ಆಂಟಿ. "ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದಾಗ ನಿಮ್ಮ ಗ್ಯಾರೇಜ್ ನೋಡಿದ್ವಲ್ಲ, ಆ ಬೂದು ಕಾರು ಹೊರಗೆ ನಿಂತ್ರೆ ಇದು ಹಿಡಿಸುತ್ತೆ. ಆದ್ರೆ ಕೇಳಿದವರಿಗೆ ಇಲ್ಲ ಅನ್ನೋದು ಹೇಗೆ?"

"ನಾನು ಕೇಳಲಿಲ್ಲ ಆಂಟಿ! ಅಂಕಲ್ಲೇ ತಾನೇ ಹೇಳಿದ್ದು?"

"ದೇವಸ್ಥಾನದಲ್ಲಿ ನಮ್ಮ ಬೆನ್ನ ಹಿಂದೆ ನಿಂತ್ಕೊಂಡು, ಕನ್ನಡದವರ ಮನೇಲಿ ಜಾಗ ಇಲ್ವಾ ಅಂತ ಅಷ್ಟು ಜೋರಾಗಿ ಅಂದ್ಯಲ್ಲ. ಅದು ಕೇಳಿದ್ದಲ್ದೆ ಇನ್ನೇನು?"

 ದಾಕ್ಷಿಣ್ಯಕ್ಕೆ ಸಿಕ್ಕಿಬಿದ್ದವಳು ನಾನೆಂದು ಮೂರು ತಿಂಗಳು ಗೋಳಾಡಿದ್ದೆ. ಬಲೆ ಬೀಸಿದವಳೂ ನಾನೇ ಆಗಿದ್ದೆ. ಬಾಯಿಬಿಟ್ಟು ಕೇಳದೆ, ಎದುರಿನವರೇ ಕೊಡುವಂತೆ ಮಾಡಿ, ಆಮೇಲೆ ‘ಅಯ್ಯೋ ಬೇಡಿ’ ಎನ್ನುವ ಈ ವಿದ್ಯೆ ನನಗೆ ಎಷ್ಟು ಚೆನ್ನಾಗಿ ಬರುತ್ತದೆಂದು ಆ ಕ್ಷಣದವರೆಗೆ ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಲಾರಿ ಬಂದು ಬೀದಿಯಲ್ಲಿ ನಿಂತಿತು. ಸಿಂಹಾಸನ ಇಳಿಸಲು ಅಂಕಲ್ ಕೈಜೋಡಿಸಿದರು. ಎಂಜಿನ್ನಿನ ಮುಚ್ಚಳದ ಮೇಲೆ ಕಾಸಿನಗಲದ ತಗ್ಗು ಬಿದ್ದಿತ್ತು. ಮೂವರೂ ಅದನ್ನು ನೋಡಿದೆವು. ನಾನು ಹೊದಿಕೆ ಮಡಚತೊಡಗಿದೆ. ಚಾಲಕ ಕಾರನ್ನು ಮೆಲ್ಲಗೆ ಮೇಲಕ್ಕೆಳೆದು, ನಾಲ್ಕು ಚಕ್ರಕ್ಕೂ ಪಟ್ಟಿ ಬಿಗಿದು, ಉಪ್ಪಿನ ಧೂಳೆಬ್ಬಿಸುತ್ತ ನಮ್ಮ ಮನೆಯ ಕಡೆ ಹೊರಟ. ಅದನ್ನು ಇಳಿಸಿಕೊಳ್ಳಲು ಅಲ್ಲಿ ಗಂಡ ಕಾದಿದ್ದರು. ಅಂಕಲ್ ಬೆನ್ನು ಹಿಡಿದುಕೊಂಡು ಒಳಗೆ ಹೋದರು. ನಾನು ಉಳಿದ ಐಸನ್ನು ಕೆರೆದು ಮುಗಿಸಿದೆ. ಕೈಗವಸಿನೊಳಗೆ ಬೆರಳುಗಳ ಸುಳಿವೇ ಇರಲಿಲ್ಲ. ಒಳಗೆ ಹೋಗಿದ್ದ ಆಂಟಿ ಬೂಟು ಹಾಕಿಕೊಂಡು, ಹೆಗಲಿಗೆ ಒಂದು ಚೀಲ ನೇತುಹಾಕಿಕೊಂಡು ಬಂದರು.

ನನಗೆ ಆಗ ಏನಾದರೂ ನೆಟ್ಟಗೆ ಕೇಳಬೇಕೆನ್ನಿಸಿತು. ಸುತ್ತಿ ಬಳಸದೆ, ಬಾಯಿಬಿಟ್ಟು.

"ಆಂಟಿ, ತುಂಬಾ ಚಳಿಯಾಗ್ತಿದೆ. ನಂಗೊಂದು ಕಾಫಿ ಬೇಕು. ಕೊಡ್ತೀರಾ?"

ಆಂಟಿ ಗಡಿಯಾರ ನೋಡಿಕೊಂಡರು. ಒಂದು ಗಳಿಗೆ ಅವರ ಮುಖದಲ್ಲಿ ಹಳೆಯ ಅಭ್ಯಾಸ ಹಾದುಹೋದದ್ದು ನನಗೆ ಕಂಡಿತು. ಆಮೇಲೆ ಕಾರಿನ ಬಾಗಿಲು ಎಳೆದರು. ಐಸು ಚಟ್ಟೆಂದು ಬಿಟ್ಟುಕೊಂಡಿತು.

"ಇಲ್ಲಮ್ಮ, ಈಗ ಆಗಲ್ಲ. ಈಜೋಕೆ ಹೊತ್ತಾಯ್ತು. ನಿನ್ನ ಕಾರು ನನ್ನ ಕಾರಿಗೆ ಅಡ್ಡ ಇದೆ, ತೆಗಿ."

ತೆಗೆದೆ.